ಇಪ್ಪತ್ತೆಂಟು ಹೆಸರುಗಳ ಋಣ

ಧನ್ಯವಾದ ಹೇಳಲು ಒಂದು ವರ್ಷ ತಡಮಾಡಿದ್ದೇನೆ. ನಡುವೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು, ಮಗಳ ಬಾಣಂತನ ಆಯಿತು, ಉಳಿದದ್ದು ಬರೀ ಸೋಮಾರಿತನ. ನಮ್ಮ ಬಡಾವಣೆಯ ಮತದಾರರ ಪಟ್ಟಿಯಲ್ಲಿ ಅಳಿಸಿಹೋಗಿದ್ದ ಹೆಸರುಗಳು 2025ರ ಜನವರಿಯ ಅಂತಿಮ ಪಟ್ಟಿಯಲ್ಲಿ ಮರಳಿ ಬಂದವು. ಅದಕ್ಕಾಗಿ ಓಡಾಡಿದವಳು ನಾನೆಂದು ಸುಮಾರು ಜನ ತಿಳಿದಿದ್ದಾರೆ. ಆ ತಪ್ಪು ತಿಳಿವಳಿಕೆಯನ್ನು ಇನ್ನೂ ಉಳಿಸಿಕೊಂಡು ಹೋಗುವುದು ಸರಿಯಲ್ಲ.

ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತವಳು ನಾನು. 2005ರ ಅಕ್ಟೋಬರಿನಲ್ಲಿ ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಅರ್ಜಿ ಶುಲ್ಕಕ್ಕೆಂದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೇಳಿಕೊಂಡು ಬರುವವರು ಹೆಚ್ಚಾದರು. ಒಂದು ರೂಪಾಯಿ ಕಮಿಷನ್ ಸೇರಿಸಿ ಹನ್ನೊಂದು ತೆಗೆದುಕೊಂಡು, ಮೊಹರು ಒತ್ತಿ ಕೊಡುತ್ತಿದ್ದೆ. ಕೊಡುವಾಗ ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದೆ: ಕೆಲಸವಿಲ್ಲದ ಜನ! ಅವರಲ್ಲಿ ಒಬ್ಬರು ಹಿರಿಯರು, ಬಿಳಿ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ, ತಿಂಗಳಿಗೊಂದರಂತೆ ಕೊಳ್ಳುತ್ತಿದ್ದರು. ಒಮ್ಮೆಯೂ ಯಾವುದಕ್ಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಮನೆಯ ಬಾಗಿಲು ತಟ್ಟುವ ದಿನ ನನಗೂ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

2024ರ ಏಪ್ರಿಲ್ 26, ಲೋಕಸಭಾ ಚುನಾವಣೆ. ಎದುರು ಮನೆಯ ಅಜ್ಜಿ ಬೆಳಿಗ್ಗೆ ಏಳಕ್ಕೇ ಅಂಚಿನ ಸೀರೆ ಉಟ್ಟು ಶಾಲೆಯ ಮತಗಟ್ಟೆಗೆ ಹೋದವರು ಎಂಟೂವರೆಗೆ ಹಿಂದಿರುಗಿ, ನಮ್ಮ ಜಗಲಿಯ ಮೇಲೆ ಕುಳಿತು ಎಡಗೈಯ ತೋರುಬೆರಳನ್ನು ನನ್ನ ಮುಂದೆ ಹಿಡಿದರು. ಮೈಸೂರಿನಲ್ಲಿ ತಯಾರಾಗಿ ದೇಶಕ್ಕೆಲ್ಲ ಹೋಗುವ ಆ ಶಾಯಿ ಅಜ್ಜಿಯ ಬೆರಳಿಗೆ ಮಾತ್ರ ತಲುಪಿರಲಿಲ್ಲ. "ಪೋಸ್ಟಮ್ಮ, ನಾನು ಒಂದೋ ಸತ್ತಿದ್ದೇನೆ, ಇಲ್ಲ ಊರು ಬಿಟ್ಟಿದ್ದೇನೆ. ಎರಡರಲ್ಲಿ ಯಾವುದೆಂದು ಅವರಿಗೂ ಗೊತ್ತಿಲ್ಲವಂತೆ" ಎಂದರು. ಗುರುತಿನ ಚೀಟಿ ಕೈಯಲ್ಲೇ ಇತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ಚೀಟಿ ಬರೀ ಪ್ಲಾಸ್ಟಿಕ್ ತುಂಡು. ಅಜ್ಜಿ, ಮೊದಲ ಧನ್ಯವಾದ ನಿಮಗೆ. ಅಂದು ನೀವು ಅತ್ತುಬಿಟ್ಟಿದ್ದರೆ ಸಮಾಧಾನ ಹೇಳಿ ಕಾಫಿ ಕೊಟ್ಟು ಕಳುಹಿಸಿರುತ್ತಿದ್ದೆ. ನೀವು ನಕ್ಕಿರಿ, ಅದಕ್ಕೇ ನನಗೆ ಸಿಟ್ಟು ಬಂದಿತು.

ಅಂದು ಸಂಜೆಯಿಂದಲೇ ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕುಳಿತೆವು. ಜಾಲತಾಣದಲ್ಲಿ ಸಿಗುವ ಪಟ್ಟಿ ಚಿತ್ರರೂಪದ್ದು, ಹೆಸರು ಬೆರಳಚ್ಚು ಮಾಡಿ ಹುಡುಕಲು ಬರುವುದಿಲ್ಲ. ಒಂದೊಂದೇ ಸಾಲಿಗೆ ಸ್ಕೇಲ್ ಇಟ್ಟು ಓದಬೇಕು. ಹಾಲಿನ ಡೈರಿಯ ಅಣ್ಣ, ಜೆರಾಕ್ಸ್ ಅಂಗಡಿಯ ಹುಡುಗಿ, ಇಬ್ಬರು ಪಿಯುಸಿ ಮಕ್ಕಳು ಹನ್ನೆರಡು ಸಂಜೆ ಈ ಕೆಲಸ ಮಾಡಿದರು. ಪಟ್ಟಿಯ ಒಂದೇ ಭಾಗದಲ್ಲಿ ನಲವತ್ತಮೂರು ಹೆಸರು ಹೋಗಿದ್ದವು. ಮನೆಮನೆಗೆ ಹೋಗಿ ಕೇಳಿದಾಗ ಒಂಬತ್ತು ಮಂದಿ ನಿಜಕ್ಕೂ ತೀರಿಕೊಂಡಿದ್ದರು, ಆರು ಮಂದಿ ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಬೇರೆ ಊರು ಸೇರಿದ್ದರು. ಉಳಿದ ಇಪ್ಪತ್ತೆಂಟು ಮಂದಿ ಅದೇ ಬಾಗಿಲಲ್ಲಿ ನಿಂತು ನಮ್ಮೊಂದಿಗೆ ಮಾತನಾಡಿದರು. ಜೆರಾಕ್ಸ್ ಅಂಗಡಿಯ ಹುಡುಗಿ ಒಂದು ಪುಟಕ್ಕೂ ಹಣ ತೆಗೆದುಕೊಳ್ಳಲಿಲ್ಲ. ಅದನ್ನು ಇಲ್ಲಿ ಬರೆದರೆ ಅವಳಿಗೆ ಕೋಪ ಬರುತ್ತದೆ, ಆದರೂ ಬರೆಯುತ್ತಿದ್ದೇನೆ.

ಇಲ್ಲಿಯೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಉತ್ಸಾಹ ತಡೆಯದೆ, ಗುರುತು ಹಾಕಿದ್ದ ಪಟ್ಟಿಯ ಪುಟಗಳ ಫೋಟೊ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಸರು, ಗಂಡನ ಹೆಸರು, ವಯಸ್ಸು, ಮನೆ ಸಂಖ್ಯೆ ಎಲ್ಲವೂ ಇದ್ದವು. ಮರುದಿನ ರಾತ್ರಿ ಹಿಂದಿನ ರಸ್ತೆಯ ಹೆಣ್ಣುಮಗಳೊಬ್ಬಳು ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತಳು. "ಆಂಟಿ, ನಾನು ಇಲ್ಲಿರುವುದು ನನ್ನ ಗಂಡನಿಗೆ ಗೊತ್ತಾಗಬಾರದು" ಎಂದಷ್ಟೇ ಹೇಳಿದಳು. ಕೈಕಾಲು ತಣ್ಣಗಾದವು. ಆ ಕ್ಷಣವೇ ಅಳಿಸಿದೆ, ಆದರೆ ಅಷ್ಟರೊಳಗೆ ಎಷ್ಟು ಮಂದಿ ನೋಡಿದ್ದರೋ! ಮತಗಟ್ಟೆಯ ಗೋಡೆಗೆ ಅಂಟಿಸುವ ಪಟ್ಟಿಯೇ ಆದರೂ ಮುನ್ನೂರು ಮೊಬೈಲುಗಳಿಗೆ ಹಂಚುವುದು ಬೇರೆ ಮಾತು ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ತಾಯಿ, ನೀನು ನನ್ನ ಮೇಲೆ ಕೂಗಾಡಬಹುದಿತ್ತು. ಕೂಗಾಡಲಿಲ್ಲ. ಆ ಸಂಕಟದ ನಡುವೆಯೂ "ನನ್ನ ಓಟು ಮಾತ್ರ ತೆಗೆಸಬೇಡಿ" ಎಂದು ಹೇಳಿ ಹೋದೆ.

ಆಮೇಲೆ ಪಂಚೆಯ ಹಿರಿಯರ ಮನೆ ಹುಡುಕಿಕೊಂಡು ಹೋದೆ. ನನ್ನನ್ನು ಕಂಡದ್ದೇ "ಈಗ ಕೌಂಟರಿನ ಈಚೆಗೆ ಬಂದಿರಾ?" ಎಂದರು. ಯಾರ ಆಕ್ಷೇಪಣೆಯ ಮೇಲೆ ಹೆಸರುಗಳನ್ನು ಅಳಿಸಿದರೆಂದು ಕೇಳುವ ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಅವರೇ ಕಲಿಸಿದರು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. "ಕನ್ನಡದಲ್ಲಿ ಬರೆಯಿರಿ, ಲಾಭವಿದೆ. ಇಂಗ್ಲಿಷಿನ ಐದು ಪದ ನಮ್ಮಲ್ಲಿ ಒಂದರೊಳಗೆ ಕೂರುತ್ತದೆ" ಎಂದು 'ಅಳಿಸಲಾಗಿರುವುದಕ್ಕೆ' ಎಂಬ ಪದದ ಕೆಳಗೆ ಗೆರೆ ಎಳೆದು ತೋರಿಸಿದರು. ವ್ಯಾಕರಣ ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕೇಂದ್ರದ ಕಾಯ್ದೆಗೂ ಮೊದಲು, 2000ದಲ್ಲೇ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು ಎಂದು ತಿಳಿದದ್ದೂ ಅವರಿಂದಲೇ.

ಇಪ್ಪತ್ತೊಂಬತ್ತನೆಯ ದಿನ ಹಿಂಬರಹ ಬಂದಿತು. ಕೋರಿರುವ ವಿವರಗಳು ಮೂರನೆಯ ವ್ಯಕ್ತಿಗಳ ವೈಯಕ್ತಿಕ ಮಾಹಿತಿಯಾದ್ದರಿಂದ ನೀಡಲು ಅವಕಾಶವಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಿದ್ದರು. ನನ್ನ ಗ್ರಹಚಾರ ನೋಡಿ: ಖಾಸಗಿತನ ಎಂದರೇನೆಂದು ಹಿಂದಿನ ರಸ್ತೆಯ ಹುಡುಗಿಯಿಂದ ಆಗಷ್ಟೇ ಪಾಠ ಕಲಿತಿದ್ದೆ, ಈಗ ಅದೇ ಮಾತು ಕಚೇರಿಯ ಬಾಗಿಲಿನ ಚಿಲಕವಾಗಿತ್ತು. ಅವರು ಹೇಳುವುದೂ ಸರಿಯಿರಬಹುದೇನೋ ಎಂದು ಎರಡು ದಿನ ಸುಮ್ಮನಿದ್ದೆ.

ಗಂಟು ಬಿಡಿಸಿದವಳು ನ್ಯಾಯಾಲಯದ ಎದುರಿನ ಟೈಪಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿರುವ ಯುವ ವಕೀಲೆ. ನನ್ನ ಅರ್ಜಿ ಓದಿ, ಕೆಂಪು ಪೆನ್ನಿನಿಂದ ಎರಡು ಸಾಲು ಹೊಡೆದುಹಾಕಿದಳು. "ಆಕ್ಷೇಪಣೆ ಸಲ್ಲಿಸಿದವರ ಮೊಬೈಲ್ ಸಂಖ್ಯೆ ನಿಮಗೇಕೆ ಅಮ್ಮ? ವಿಳಾಸ ಏಕೆ? ನಿಮಗೆ ಬೇಕಾದದ್ದು ಕಚೇರಿ ಏನು ಮಾಡಿತು ಎಂಬುದಲ್ಲವೇ?" ಕೊಡಬಾರದ ಸಾಲುಗಳಿಗೆ ಮಸಿ ಬಳಿದು ಉಳಿದ ಭಾಗ ಕೊಡಲು ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಮಿನಲ್ಲಿ ಅವಕಾಶವಿದೆ ಎಂದು ತೋರಿಸಿದಳು. ಹೆಸರು ಅಳಿಸುವ ಮುನ್ನ ಸಂಬಂಧಪಟ್ಟವರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು 1960ರ ಮತದಾರರ ನೋಂದಣಿ ನಿಯಮಗಳಲ್ಲಿದೆ, ಆ ನೋಟಿಸಿನ ಪ್ರತಿ ಕೇಳಿ ಎಂದಳು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2012ರಲ್ಲಿ ಅವರು ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು 86. "ಅವರು ಹೋರಾಡಿದ್ದು ಪ್ರಜೆಯ ಮನೆಗೆ ಬಾಗಿಲು ಇರಲಿ ಎಂದು, ಕಡತಕ್ಕೆ ಬೀಗ ಬೀಳಲಿ ಎಂದಲ್ಲ" ಎಂದಳು. ಶುಲ್ಕ ಕೇಳಿದರೆ ಅರ್ಧ ಕಿಲೊ ಅವರೆಕಾಳು ಎಂದು ನಕ್ಕಳು. ಕೊಟ್ಟೆ, ಹಿದುಕಿಯೇ ಕೊಟ್ಟೆ.

ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾ ಮತಗಟ್ಟೆ ಮಟ್ಟದ ಅಧಿಕಾರಿಯ ಹೊರೆಯನ್ನೂ ಹೊತ್ತಿರುವ ಟೀಚರಿಗೂ ನಮಸ್ಕಾರ. ನಾವು ಜಗಳಕ್ಕೆ ಬಂದೆವೆಂದು ಮೊದಲು ಗಾಬರಿಯಾದ ಅವರು, ಕೊನೆಗೆ ತಗ್ಗಿದ ದನಿಯಲ್ಲಿ "ಹೆಸರು ತೆಗೆಯಿರಿ ಎನ್ನುವ ಫಾರಂ 7 ಬಂದರೆ ಅದರ ಪಟ್ಟಿ ಫಾರಂ 10ರಲ್ಲಿ ಆಗುತ್ತದೆ, ನೋಟಿಸ್ ಬೋರ್ಡಿಗೆ ಹಾಕಬೇಕು" ಎಂದರು. ಗೋಡೆಗೆ ಅಂಟಿಸಬೇಕಾದದ್ದು ಗುಟ್ಟು ಹೇಗಾದೀತು? ಮೊದಲ ಮೇಲ್ಮನವಿಯಲ್ಲಿ ನಾವು ಬರೆದದ್ದು ಹೆಚ್ಚುಕಡಿಮೆ ಈ ಒಂದು ವಾಕ್ಯವನ್ನೇ. ಮೇಲ್ಮನವಿ ಅಧಿಕಾರಿ ಅದನ್ನು ಎರಡು ಸಲ ಓದಿ, ಕಡತ ನೋಡಲು ಅನುಮತಿ ಕೊಟ್ಟರು. ಅವರಿಗೂ ಧನ್ಯವಾದ ಸಲ್ಲಬೇಕು.

ಕಡತದಲ್ಲಿ ಇಪ್ಪತ್ತೆಂಟರ ಪೈಕಿ ಹತ್ತೊಂಬತ್ತಕ್ಕೆ ಫಾರಂ 7 ಇತ್ತು. ಹತ್ತೊಂಬತ್ತರಲ್ಲೂ ಆಕ್ಷೇಪಣೆದಾರರು ಒಬ್ಬರೇ, ನಮ್ಮದೇ ಬಡಾವಣೆಯ ದರ್ಜಿ. ನೋಟಿಸಿನ ಪ್ರತಿ ಒಂದೂ ಇರಲಿಲ್ಲ. ಪುಟಕ್ಕೆ ಎರಡು ರೂಪಾಯಿಯಂತೆ ಅರವತ್ತನಾಲ್ಕು ಪುಟಕ್ಕೆ 128 ರೂಪಾಯಿ ಕಟ್ಟಿ ಹೊರಬಂದಾಗ ಡೈರಿಯ ಅಣ್ಣನ ಮುಖ ಕೆಂಪಾಗಿತ್ತು. ಗುಂಪಿಗೆ ಹಾಕೋಣ ಎಂದ. ನಾನು ಬೇಡವೆಂದೆ, ಒಮ್ಮೆ ಕೈ ಸುಟ್ಟುಕೊಂಡವಳಲ್ಲವೇ. ಇಬ್ಬರೇ ದರ್ಜಿಯ ಅಂಗಡಿಗೆ ಹೋದೆವು. ಕಾಗದ ನೋಡಿ ಅವರು ಹೊಲಿಗೆ ಯಂತ್ರದ ಪೆಡಲ್ ನಿಲ್ಲಿಸಿದರು. "ಅಮ್ಮ, ಇದರಲ್ಲಿರುವ ಸಹಿ ಇಂಗ್ಲಿಷಿನಲ್ಲಿದೆ. ನನಗೆ ಕನ್ನಡದಲ್ಲೇ ಸಹಿ ಹಾಕಲು ಬರುವುದು ಕಷ್ಟ" ಎಂದರು. ಅವರ ಹೆಸರನ್ನು ಯಾರೋ ಬಳಸಿಕೊಂಡಿದ್ದರು. ಅಂದು ಅವರನ್ನು ಬೀದಿಗೆ ಎಳೆದಿದ್ದರೆ ನಮಗೆ ಯಾವ ಮುಖವಿರುತ್ತಿತ್ತು? ಆಳಂದದ ಸುದ್ದಿ ಓದಿದವರಿಗೆ ಇದು ಹೊಸದಲ್ಲ. ಅಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಬಂದ 6,018 ಅರ್ಜಿಗಳಲ್ಲಿ ಸರಿಯಾಗಿದ್ದವು 24 ಮಾತ್ರ ಎಂದು ಚುನಾವಣಾ ಆಯೋಗವೇ ಹೇಳಿದೆ. ಅಲ್ಲಿ ಸುಳ್ಳು ಅರ್ಜಿಗಳು ತಿರಸ್ಕೃತವಾದವು, ಹೆಸರುಗಳು ಉಳಿದವು. ನಮ್ಮಲ್ಲಿ ಹೋಗಿಯೇಬಿಟ್ಟಿದ್ದವು. ದರ್ಜಿಯವರು ಕೆಲಸ ಬಿಟ್ಟು ಎರಡು ಬಾರಿ ಬಂದು ಲಿಖಿತ ಹೇಳಿಕೆ ಕೊಟ್ಟರು. ಆ ಎರಡು ದಿನದ ಸಂಪಾದನೆಯ ಋಣ ನಮ್ಮ ಬಡಾವಣೆಯ ಮೇಲಿದೆ.

ಇಪ್ಪತ್ತೇಳು ಮಂದಿ ಹೆಸರು ಸೇರಿಸಲು ಕೋರುವ ಫಾರಂ 6 ತುಂಬಿದರು, ಇಪ್ಪತ್ತೇಳೂ ಬಂದವು. ಇಪ್ಪತ್ತೆಂಟನೆಯವರು "ತೆಗೆದವರೇ ಸೇರಿಸಲಿ, ನಾನೇಕೆ ಅರ್ಜಿ ಹಾಕಬೇಕು" ಎಂದು ಇಂದಿಗೂ ಹಾಕಿಲ್ಲ. ಅವರ ವಾದದಲ್ಲಿ ತಪ್ಪು ಹುಡುಕಲು ನನಗಾಗಿಲ್ಲ.

ಈಗ ಬರೆಯಲು ಕುಳಿತದ್ದಕ್ಕೆ ಇನ್ನೊಂದು ಕಾರಣವೂ ಇದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿ ನಿರಾಕರಿಸಲು ಬಳಸುವ 8(1)(ಜೆ) ಕಲಮನ್ನು ತಿದ್ದಿತ್ತು, 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೆ ಬಂದಿತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಬಾರದು ಎಂಬ ಮಾತು ಅಲ್ಲಿಂದ ಹೋಯಿತು. ವೈಯಕ್ತಿಕ ಎಂದರೆ ಸಾಕು, ಹಿಂಬರಹ ಸಿದ್ಧ. ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದೆನ್ನುವ 8(2) ಇನ್ನೂ ಇದೆ, ವಾದಿಸುವವರು ಬೇಕು ಅಷ್ಟೆ. ಆ ಯುವ ವಕೀಲೆ ತಯಾರಿದ್ದಾಳೆ, ಅವರೆಕಾಯಿ ಕಾಲ ಮುಗಿಯುವುದರೊಳಗೆ ಹೋಗಿ.

ಅಂದು ಅರ್ಜಿಗೆಂದು ಕೊಂಡ ಪೋಸ್ಟಲ್ ಆರ್ಡರುಗಳಲ್ಲಿ ಮೂರು ನನ್ನ ಬೀರುವಿನಲ್ಲಿ ಉಳಿದಿವೆ. ಅವಧಿ ಇನ್ನೂ ಮುಗಿದಿಲ್ಲ. ಬೇಕಾದವರು ಸಂಜೆ ಐದರ ಮೇಲೆ ಬನ್ನಿ. ಹತ್ತು ರೂಪಾಯಿ ಕೊಟ್ಟರೆ ಸಾಕು, ಕಮಿಷನ್ ನನ್ನ ಲೆಕ್ಕಕ್ಕೆ.