ಗುದ್ದಿದ ವಾಹನಕ್ಕೆ ವಿಮೆ ಇಲ್ಲದಿದ್ದರೆ ನಮ್ಮ ಪಾಲಿಸಿ ಕೊಡುವುದೆಷ್ಟು?

ಮಾನ್ಯರೆ,

ವಿಮೆ ಇಲ್ಲದೆ ವಾಹನ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ ಎಂಬುದು ಈಗ ಬಹುತೇಕರಿಗೆ ಗೊತ್ತಿದೆ. ಆದರೆ ಅಂಥ ವಾಹನವೊಂದು ನಮಗೇ ಬಂದು ಗುದ್ದಿದರೆ, ವರ್ಷ ವರ್ಷವೂ ತಪ್ಪದೆ ಕಂತು ಕಟ್ಟಿದ ನಮ್ಮ ಪಾಲಿಸಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ವಿಮಾ ಕಚೇರಿಯೊಂದರ ಮೋಟಾರು ವಿಭಾಗದಲ್ಲಿ ದುಡಿದು ನಿವೃತ್ತನಾದ ನನ್ನ ಬಳಿ ಕಾಗದ ಹಿಡಿದು ಬರುವವರೆಲ್ಲ ಮೊದಲು ಹೇಳುವುದು ಒಂದೇ ಮಾತು: “ಫುಲ್ ಇನ್ಶೂರೆನ್ಸ್ ಇದೆಯಲ್ಲ ಸಾರ್.”

ಈ ‘ಫುಲ್’ ಎಂಬ ಮಾತಿನಲ್ಲೇ ತೊಡಕಿದೆ. ಅದರಲ್ಲಿರುವುದು ಮುಖ್ಯವಾಗಿ ಎರಡು ಭಾಗ. ಒಂದು ಸ್ವಂತ ವಾಹನದ ಹಾನಿಗೆ, ಇನ್ನೊಂದು ನಮ್ಮಿಂದ ಬೇರೆಯವರಿಗೆ ಆಗುವ ಹಾನಿಗೆ, ಅಂದರೆ ಥರ್ಡ್ ಪಾರ್ಟಿಗೆ. ಎದುರಿನ ವಾಹನಕ್ಕೆ ವಿಮೆ ಇರಲಿ ಬಿಡಲಿ, ನಮ್ಮ ಕಾರಿನ ಬಾನೆಟ್ಟು, ಬಾಗಿಲುಗಳ ರಿಪೇರಿ ಖರ್ಚು ಮೊದಲ ಭಾಗದಿಂದ ಬರುತ್ತದೆ. ಆದರೆ ತಪ್ಪು ನಮ್ಮದಲ್ಲದಿದ್ದರೂ ಕ್ಲೇಮು ಮಾಡಿದ ಕಾರಣಕ್ಕೆ, ವರ್ಷಗಳ ಕಾಲ ಕೂಡಿಕೊಂಡು ಶೇ 50ರವರೆಗೂ ಏರುವ ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದವರಿಗೆ ಈ ಭಾಗದ ಕಂತಿನಲ್ಲಿ ಸಿಗುವ ರಿಯಾಯಿತಿ) ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿಯುತ್ತದೆ. ಎರಡನೆಯ ಭಾಗ ಕಡ್ಡಾಯವಾದರೂ ಅದು ಪರರಿಗಾಗಿಯೇ ಇರುವುದು, ಚಾಲಕನ ಸೀಟಿನಲ್ಲಿ ಕುಳಿತ ಮಾಲೀಕನಿಗೆ ಅದರಿಂದ ಬಿಡಿಗಾಸೂ ಇಲ್ಲ.

ಹಾಗಾದರೆ ಆತನ ಮೈಗೆ ಆದ ಪೆಟ್ಟಿಗೆ? ಪಾಲಿಸಿಯಲ್ಲಿ ‘ಪಿ.ಎ. ಓನರ್ ಡ್ರೈವರ್’ ಎಂಬ ಒಂದು ಸಾಲು ಇರುತ್ತದೆ, ಅಂದರೆ ವಾಹನ ಓಡಿಸುವ ಮಾಲೀಕನ ವೈಯಕ್ತಿಕ ಅಪಘಾತ ವಿಮೆ. ಅದರ ಮೊತ್ತ 15 ಲಕ್ಷ ರೂಪಾಯಿ. ಅದು ಸಿಗುವುದು ಸಾವಿಗೆ ಅಥವಾ ಕೈ, ಕಾಲು, ಕಣ್ಣು ಹೋಗುವಂಥ ಶಾಶ್ವತ ಊನಕ್ಕೆ ಮಾತ್ರ. ಆಸ್ಪತ್ರೆಯ ಬಿಲ್ಲಿಗಾಗಲಿ ಮನೆಯಲ್ಲಿ ಕುಳಿತ ತಿಂಗಳುಗಳ ಸಂಬಳಕ್ಕಾಗಲಿ ಅಲ್ಲ. ವಾಹನ ಓಡಿಸುತ್ತಿದ್ದವರ ಹೆಸರಿನಲ್ಲೇ ಅದರ ಆರ್.ಸಿ. ಇರಬೇಕು, ಡ್ರೈವಿಂಗ್ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಬೇರೆಡೆ ಇಷ್ಟೇ ಮೊತ್ತದ ಅಪಘಾತ ವಿಮೆ ಇರುವವರು ಇದನ್ನು ಬಿಡಬಹುದೆಂಬ ವಿನಾಯಿತಿ ಇರುವುದರಿಂದ, ಆನ್‌ಲೈನಿನಲ್ಲಿ ಪಾಲಿಸಿ ಮಾಡಿಸುವಾಗ ಕೆಲವೇ ನೂರು ರೂಪಾಯಿ ಉಳಿಸಲು, ಇಲ್ಲದ ವಿಮೆಯನ್ನು ಇದೆ ಎಂದು ಟಿಕ್ ಮಾಡಿಬಿಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ನಮ್ಮ ಬೀದಿಯ ಹುಡುಗನೊಬ್ಬನಿಗೆ ಕೆಲವು ವರ್ಷಗಳ ಹಿಂದೆ, ರೈಲ್ವೆ ಗೇಟಿನ ಬಳಿ ಅಡ್ಡ ಬಂದ ಗೂಡ್ಸ್ ಆಟೋ ಗುದ್ದಿ ಬಲಗಾಲು ಎರಡು ಕಡೆ ಮುರಿಯಿತು. ಆಟೋದ ವಿಮೆ ಮುಗಿದು ನಾಲ್ಕು ತಿಂಗಳಾಗಿತ್ತು. ಬೈಕು ತಂದೆಯ ಹೆಸರಿನಲ್ಲಿದ್ದುದರಿಂದ ಆ 15 ಲಕ್ಷದ ಮಾತೇ ಬರಲಿಲ್ಲ. ಬಂದಿದ್ದರೂ ಕಾಲು ಕೂಡಿಕೊಂಡಿದ್ದರಿಂದ ಏನೂ ಸಿಗುತ್ತಿರಲಿಲ್ಲ. ಎಂ.ವಿ.ಸಿ. ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಮೊಕದ್ದಮೆ, ಹಾಕಿ ಗೆದ್ದರು. ಆದರೆ ಪರಿಹಾರ ಕೊಡಬೇಕಾದವನು ಆಟೋದ ಮಾಲೀಕ, ಅವನ ಹೆಸರಿನಲ್ಲಿ ಜಮೀನಿಲ್ಲ, ಮನೆಯಿಲ್ಲ, ಆಟೋ ಕೂಡ ಅಷ್ಟರಲ್ಲಿ ಗುಜರಿ ಸೇರಿತ್ತು. ಆದೇಶದ ಪ್ರತಿಯನ್ನು ಆ ತಾಯಿ ಪಡಿತರ ಚೀಟಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಇಲ್ಲಿ ಒಂದು ವಿಚಿತ್ರವಿದೆ. ಗುದ್ದಿದ ವಾಹನ ಪರಾರಿಯಾಗಿ ಪತ್ತೆಯೇ ಆಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಕಡೆಯಿಂದ ನಿಶ್ಚಿತವಾಗಿ ಸಿಗುತ್ತದೆ. ವಾಹನ ಸಿಕ್ಕಿ, ಅದಕ್ಕೆ ವಿಮೆ ಇಲ್ಲವೆಂದು ತಿಳಿದರೆ ಆ ಖಾತರಿಯೂ ಇಲ್ಲ! ಎರಡೂ ಬಗೆಯ ಗಾಯಾಳುಗಳಿಗೆ ಈಗ ಸ್ವಲ್ಪ ಆಸರೆಯಾಗಿರುವುದು 2025ರ ಮೇ ತಿಂಗಳಲ್ಲಿ ಕೇಂದ್ರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ. ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ. ಎರಡು ಕಡೆ ಮುರಿದ ಕಾಲು ಏಳು ದಿನಕ್ಕೆ ಕೂಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಕಾರಿನ ಪಾಲಿಸಿಯಲ್ಲಿ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಎಂಬ ಪ್ರತ್ಯೇಕ ರಕ್ಷಣೆ ಇರುವುದನ್ನು ಕಳೆದ ವರ್ಷ ಅಲ್ಲಿಗೆ ಹೋಗಿದ್ದಾಗ ಓದಿದೆ (ಮಗಳ ಮನೆಗೆ ಹೋಗಿಯೂ ಪಾಲಿಸಿ ಓದುವ ಚಪಲ ಬಿಟ್ಟಿಲ್ಲ). ವಿಮೆ ಇಲ್ಲದವನು ಅಥವಾ ಗುದ್ದಿ ಓಡಿಹೋದವನು ಕೊಡಬೇಕಾಗಿದ್ದ ಚಿಕಿತ್ಸೆಯ ಖರ್ಚು, ತಪ್ಪಿದ ಸಂಬಳ, ಅನುಭವಿಸಿದ ನೋವಿನ ಪರಿಹಾರ ಇವುಗಳನ್ನು ನಿಗದಿಯಾದ ಮಿತಿಯವರೆಗೆ ಅವಳ ಸ್ವಂತ ಕಂಪನಿಯೇ ಕೊಡುತ್ತದೆ. ಕಾರಿನಲ್ಲಿ ಜೊತೆಗೆ ಕುಳಿತವರಿಗೂ ಅದು ಅನ್ವಯಿಸುತ್ತದೆ. ಎದುರಿನವನಿಂದ ವಸೂಲಿ ಮಾಡುವ ತಲೆನೋವು ಆಮೇಲೆ ಕಂಪನಿಯದು.

ನಮ್ಮ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆ ಇಲ್ಲವೆಂಬ ಮಾತು ಸಂಸತ್ತಿನವರೆಗೂ ಹೋಗಿರುವಾಗ, ಇಂಥ ರಕ್ಷಣೆಯ ಅಗತ್ಯ ಅಮೆರಿಕಕ್ಕಿಂತ ನಮಗೇ ಹೆಚ್ಚು. ಇಂಜಿನ್ನಿಗೆ, ಟೈರಿಗೆ, ಕಳೆದ ಕೀಲಿಗೂ ಆಡ್-ಆನ್ (ಹೆಚ್ಚುವರಿ ರಕ್ಷಣೆ) ಮಾರುವ ಕಂಪನಿಗಳು ಇದನ್ನೂ ಮಾರಬಹುದು, ವಿಮಾ ನಿಯಂತ್ರಣ ಪ್ರಾಧಿಕಾರ ಅವುಗಳಿಗೆ ಹಾಗೆ ಸೂಚಿಸಬಹುದು. ಅಲ್ಲಿಯವರೆಗೆ, ಅಪಘಾತ ಮಾಡಿದ ವಿಮೆರಹಿತ ವಾಹನವನ್ನು ಮಾಲೀಕನಿಂದ ಭದ್ರತೆ ಪಡೆಯದೆ ಬಿಡಬಾರದು, ಭದ್ರತೆ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ಪರಿಹಾರ ನ್ಯಾಯಮಂಡಳಿಯಲ್ಲಿಡಬೇಕು, ಅದಕ್ಕೆ ರಾಜ್ಯಗಳು ನಿಯಮ ರೂಪಿಸಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದನ್ನು ಠಾಣೆಗಳು ಚಾಚೂತಪ್ಪದೆ ಪಾಲಿಸಲಿ. ಗಾಯಾಳುವಿನ ಕಡೆಯವರೂ ವಾಹನ ಬಿಡುಗಡೆಯಾಗುವ ಮೊದಲೇ ಅದರ ವಿಮೆಯ ಪ್ರತಿಯನ್ನು ಕೇಳಿ ನೋಡಬೇಕು. ಆ ಗೂಡ್ಸ್ ಆಟೋ ಠಾಣೆಯ ಆವರಣದಲ್ಲಿ ನಿಂತಿದ್ದಾಗ ನಮ್ಮ ಬೀದಿಯ ಯಾರಿಗೂ, ಪಕ್ಕದ ಮನೆಯಲ್ಲೇ ಇದ್ದ ನನಗೂ, ಅದು ಹೊಳೆಯಲಿಲ್ಲ.

— ನಿವೃತ್ತ ವಿಮಾ ನೌಕರ, ತುಮಕೂರು