ಅದೇ ರೈಲು, ಬೇರೆ ತೀರ್ಪು

ಸಂಪಾದಕರೇ,

ಕಳೆದ ಭಾನುವಾರ ಮುಂಬೈಯ ಮಾಟುಂಗಾದಲ್ಲಿ ನಮ್ಮ ಕನ್ನಡ ಸಂಘದ ಸಭೆ ಇತ್ತು. ಡೊಂಬಿವಲಿಯಿಂದ ಹೊರಟ ನಾನು ಅರ್ಧ ಗಂಟೆ ತಡ. "ಭಾನುವಾರ ಅಲ್ವಾ, ಮೆಗಾಬ್ಲಾಕ್, ಹಳಿ ರಿಪೇರಿಗೆ ರೈಲು ಕಡಿಮೆ" ಎಂದೆ. ಎಲ್ಲರೂ ತಲೆಯಾಡಿಸಿದರು. ಐದು ನಿಮಿಷ ಬಿಟ್ಟು ಹೊಸ ಹುಡುಗನೊಬ್ಬ ಬಂದ. ಕೆದರಿದ ಕೂದಲು, ಕಿವಿಯಲ್ಲಿ ಇಯರ್‌ಫೋನ್. "ಈಗಿನವರಿಗೆ ಶಿಸ್ತೇ ಇಲ್ಲ" ಅಂತ ಪಕ್ಕದವರಿಗೆ ಪಿಸುಗುಟ್ಟಿದ್ದು ನಾನೇ. ಚಹಾ ಕುಡಿಯುವಾಗ ಗೊತ್ತಾಯಿತು, ಅವನೂ ಬಂದದ್ದು ಅದೇ ರೈಲಿನಲ್ಲಿ! ಸೇತುವೆಯ ಮೆಟ್ಟಿಲಲ್ಲಿ ನಾನು ನುಗ್ಗಿ ಮುಂದೆ ಬಂದಿದ್ದೆ, ಅಷ್ಟೇ.

ಸಂದರ್ಭ ನೋಡದೆ ಎದುರಿನವರ ಗುಣವನ್ನೇ ದೂರುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಒಂದು ಹೆಸರಿಟ್ಟಿದ್ದಾರೆ. ಇನ್ನು ಆ ಕೂದಲಿನ ವಿಷಯ. ಸೈನ್ಯದ ಅಧಿಕಾರಿಗಳು ಒಳ್ಳೆಯ ಮೈಕಟ್ಟಿನ ಸೈನಿಕರಿಗೆ ಬುದ್ಧಿ, ನಾಯಕತ್ವಕ್ಕೂ ಜಾಸ್ತಿ ಅಂಕ ಕೊಡುತ್ತಿದ್ದುದನ್ನು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ನಾನು ಅದನ್ನೇ ತಿರುಗಿಸಿ ಮಾಡಿದ್ದೆ. ಬಾಚಣಿಗೆ ಕಾಣದ ತಲೆ ಕಂಡು ಶಿಸ್ತಿಗೆ ಸೊನ್ನೆ ಹಾಕಿದೆ.

ಹುಡುಗನಿಗೆ ನನ್ನ ಮಾತು ಕೇಳಿಸಿಲ್ಲ, ಪುಣ್ಯ. ಆದರೆ ಪಕ್ಕದವರು ಅದನ್ನು ಇನ್ನೂ ನಾಲ್ಕು ಜನರಿಗೆ ಹೇಳಿದ್ದಾರಂತೆ. ಈಗ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೇನೆ.

– ಒಬ್ಬ ಓದುಗ, ಡೊಂಬಿವಲಿ