ದೊಡ್ಡವ್ವನ ಪತ್ರ: ಹೇಳಿಕೊಟ್ಟ ಮೇಲೆ ಏನು ಉಳಿಯುತ್ತದೆ

ಧಾರವಾಡ
ಭಾನುವಾರ

ಚಿ. ಸೌ. ಸುಮಂಗಲಾಗೆ ನಿನ್ನ ದೊಡ್ಡವ್ವ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪತ್ರ ಮುಗಿಯುವ ಹೊತ್ತಿಗೆ, ಸಹಿಯ ಮೇಲೆ, ನೀನು ಅವಸರದಲ್ಲಿ ಬರೆದಂತೆ ಕಾಣುವ ಒಂದು ಸಾಲಿದೆಯಲ್ಲ, ಅದು ಓದಿದಾಗಿನಿಂದ ನನ್ನನ್ನು ಬಿಟ್ಟಿಲ್ಲ. "ಗೆಳತಿಯರಿಗೆ ಎಲ್ಲಾ ಹೇಳಿಕೊಟ್ಟ ಮ್ಯಾಲೆ ನಂದು ಅಂತ ಏನು ಉಳೀತು, ದೊಡ್ಡವ್ವ?" ಎಂದು ಕೇಳಿದ್ದೀ. ಈ ಪತ್ರವನ್ನು ಬರೆಯಲು ಕುಳಿತದ್ದು ಆ ಒಂದು ಸಾಲಿಗಾಗಿ.

ಶನಿವಾರದ ಹೊಲಿಗೆಯ ಕೂಟದಲ್ಲಿ ನೀನು ಕಲಿಸಿದ ಕಸೂತಿಯ ಗೋಪುರದ ನಮೂನೆಯನ್ನು ಒಬ್ಬ ಗೆಳತಿ ಕುಬಸದ ಬೆನ್ನಿಗೆ ಹೊಲಿದು ಹಣಕ್ಕೆ ಕೊಟ್ಟಳು, ನೋಡಿದವರೆಲ್ಲ ಅದನ್ನು ಅವಳದೇ ಕಲ್ಪನೆ ಎಂದು ಹೊಗಳಿದರು, ನೀನು ಅಲ್ಲಿಯೇ ಕುಳಿತು ಬಾಯಿ ಬಿಡಲಿಲ್ಲ. ನಿನಗೆ ನೋವಾಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಗೋಪುರದ ಕೆಳಗೆ ಎದುರುಬದುರು ನಿಂತ ಆ ಎರಡು ನವಿಲುಗಳನ್ನು ನೀನೇ ಕೂಡಿಸಿದ್ದೆಂಬುದು ನನಗೂ ಗೊತ್ತು, ಅವುಗಳ ಕೊರಳು ಬಾಗುವ ಕಡೆ ಎಷ್ಟು ಸಲ ಬಿಚ್ಚಿ ಹೊಲಿದೆ ಎಂಬುದೂ ಗೊತ್ತು. ಆದರೆ ಆ ನೋವಿನ ಬೆನ್ನಿಗೇ ನೀನು ನಮೂನೆಯ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದೇನೆಂದೂ, ಇನ್ನು ಯಾರಾದರೂ ಕೇಳಿದರೆ ಮರೆತುಹೋಗಿದೆ ಎನ್ನುತ್ತೇನೆಂದೂ ಬರೆದೆಯಲ್ಲ, ಅದನ್ನು ಓದಿ ನನಗೆ ನಮ್ಮ ಅತ್ತೆಯವರ ನೆನಪಾಯಿತು.

ಅವರನ್ನು ನೀನು ನೋಡಿದವಳಲ್ಲ. ಮಾವನವರು ತೀರಿಕೊಂಡ ಮೇಲೆ ಕೈಹೊಲಿಗೆಯಿಂದಲೇ ಸಂಸಾರ ನಡೆಸಿದವರು ಅವರು. ಮದುವೆಯ ಮನೆಯವರು ಇಳಕಲ್ಲಿನಿಂದ ಚಂದ್ರಕಾಳಿ ಸೀರೆ ತರಿಸಿ ಅವರ ಕೈಗೆ ಕೊಡುತ್ತಿದ್ದರು. ಆ ಕರಿಯ ಒಡಲಿನ ಮೇಲೆ ಅವರು ಆನೆ, ಪಲ್ಲಕ್ಕಿ, ತುಳಸಿಕಟ್ಟೆ, ತೊಟ್ಟಿಲುಗಳನ್ನು ಸೆರಗಿನ ಕಡೆಯಿಂದ ತುಂಬುತ್ತ ಬರುತ್ತಿದ್ದರು. ಅವರು ಹೊಲಿಯುವ ತೇರು ಓಣಿಯಲ್ಲೆಲ್ಲ ಹೆಸರಾಗಿತ್ತು. ಹೊಲಿಯುವಾಗ ಹೊರಗಿನ ಹೆಂಗಸರು ಯಾರಾದರೂ ಪಡಸಾಲೆಗೆ ಬಂದರೆ ಉಟ್ಟ ಸೀರೆಯ ಸೆರಗನ್ನು ಎಳೆದು ಕೆಲಸದ ಮೇಲೆ ಮುಚ್ಚುತ್ತಿದ್ದರು. ಬಟ್ಟೆಯನ್ನು ಮಗುಚಿ ಇಡುವುದರಿಂದ ಪ್ರಯೋಜನವಿರಲಿಲ್ಲ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಿಂಬದಿಯೂ ಮುಂಬದಿಯ ಹಾಗೆಯೇ ಇರುತ್ತದೆಯಲ್ಲ. ಸೊಸೆಯಾದ ನನ್ನೆದುರಿಗೆ ಮುಚ್ಚುತ್ತಿರಲಿಲ್ಲ, ಆದರೆ ಹೇಳಿಕೊಡುತ್ತಲೂ ಇರಲಿಲ್ಲ.

ಅವರಿಗೂ ನಿನ್ನದೇ ಭಯ. ಒಮ್ಮೆ ರೇಷ್ಮೆ ಎಳೆ ಸುತ್ತುತ್ತ ತಾವಾಗಿಯೇ ಹೇಳಿದ್ದರು: ಅವರ ಪಕ್ಕದಲ್ಲಿ ಕುಳಿತು ಕಲಿತ ಬಳಗದ ಹೆಂಗಸೊಬ್ಬಳು ಕಡಿಮೆ ಕೂಲಿಗೆ ಹೊಲಿದು ಕೊಡುತ್ತೇನೆಂದು ಅವರ ಗಿರಾಕಿಗಳನ್ನು ಸೆಳೆದುಕೊಂಡಿದ್ದಳಂತೆ. ಮಕ್ಕಳ ಹೊಟ್ಟೆಗೆ ಅದೇ ಆಧಾರವಾಗಿದ್ದ ಕಾಲದಲ್ಲಿ ಹಾಗಾದರೆ ಯಾವ ತಾಯಿಗೂ ಕೈ ಮುಚ್ಚಿಕೊಳ್ಳಬೇಕೆನ್ನಿಸುತ್ತದೆ. ಆದ್ದರಿಂದ ನಿನ್ನ ಭಯವನ್ನು ಹುಡುಗಾಟಿಕೆ ಎಂದು ನಾನು ತಳ್ಳಿಹಾಕಲಾರೆ. ಅತ್ತೆಯವರು ಜಿಪುಣರಾಗಿರಲಿಲ್ಲ; ರೊಟ್ಟಿಯಲ್ಲಿ, ಮೊಸರಿನಲ್ಲಿ, ಮಾತಿನಲ್ಲಿ ಅವರಷ್ಟು ಕೊಡುಗೈಯವರನ್ನು ನಾನು ಕಂಡಿಲ್ಲ. ಸೂಜಿಯ ವಿಷಯಕ್ಕೆ ಮಾತ್ರ ಅವರ ಬಾಯಿ ಮುಚ್ಚಿತ್ತು.

ಅವರು ಹೋದ ಮೇಲೆ ಟ್ರಂಕಿನ ತಳದಲ್ಲಿ ಒಂದು ಚಂದ್ರಕಾಳಿ ಸಿಕ್ಕಿತು, ಅವರು ತಮಗಾಗಿ ಹೊಲಿದುಕೊಂಡದ್ದು. ಮಡಿಕೆ ಬಿದ್ದಲ್ಲೆಲ್ಲ ಬಟ್ಟೆ ಸೀಳಿತ್ತು. ತೇರಿನ ಮೇಲಿನ ಕಳಸ, ಪತಾಕೆ, ನಡುವಿನ ಗೂಡು, ಅದರೊಳಗಿನ ಸಣ್ಣ ದೀಪ ಎಲ್ಲವೂ ಚೆನ್ನಾಗಿದ್ದವು. ಮಡಿಕೆ ಸರಿಯಾಗಿ ಗಾಲಿಗಳ ಮೇಲೆಯೇ ಬಂದಿತ್ತು. ಭೂತಗನ್ನಡಿ ಹಿಡಿದು ಎಳೆ ಎಣಿಸುತ್ತ ಉಳಿದಷ್ಟನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಗಾಲಿಯ ಅಂಚಿನಲ್ಲಿ ನಾಲ್ಕಾರು ಹೊಲಿಗೆಗಳು ಮಾತ್ರ ಕಂಡವು, ಒಳಗಿನ ಅರಗಳು ಹೇಗಿದ್ದವೆಂಬುದು ಹೋಗಿಯೇ ಹೋಯಿತು. ಆ ಹಾಳೆಯನ್ನು ಮುಂದಿಟ್ಟುಕೊಂಡು ಹೊಲಿಯಲು ಕುಳಿತಾಗ ಇನ್ನೂ ಒಂದು ಸಂಗತಿ ಹೊಳೆಯಿತು. ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಗವಂತಿಯನ್ನು ನಿನಗೆ ವಿವರಿಸುವ ಅಗತ್ಯವಿಲ್ಲ, ಆದರೂ ನನ್ನ ಮಾತು ನಿಲ್ಲಬೇಕಾದರೆ ಹೇಳಲೇಬೇಕು. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಎಂದು ಗೆರೆಯ ತುದಿಯವರೆಗೆ ಹೋಗುತ್ತದೆ. ಬರುವಾಗ ಬಿಟ್ಟ ಸಂದುಗಳನ್ನು ತುಂಬುತ್ತ ಬರುತ್ತದೆ. ನೇರ ಗೆರೆಯಾದರೆ ಮಗುವೂ ಹೊಲಿದೀತು. ಗೋಪುರದಲ್ಲಿ ಗೆರೆ ಕವಲೊಡೆಯುತ್ತದೆ, ಕವಲಿಗೆ ಮತ್ತೆ ಕವಲು. ಒಂದೊಂದು ಕವಲಿಗೂ ಹೋಗಿ, ಅಲ್ಲಿಂದ ತಿರುಗಿ, ಮೂಲ ಗೆರೆಗೆ ಮರಳಿ ಮುಂದೆ ಸಾಗಬೇಕು. ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗಿಗೆ ಉಳಿಸಬೇಕು ಎಂಬುದು ಮೊದಲೇ ಮನಸ್ಸಿನಲ್ಲಿರದಿದ್ದರೆ ಸೂಜಿ ಎಲ್ಲೋ ನಡುವೆ ಸಿಕ್ಕಿಬೀಳುತ್ತದೆ. ಆಗ ದಾರ ಕತ್ತರಿಸಬೇಕು, ಇಲ್ಲವೇ ಹಿಂಬದಿಯಲ್ಲಿ ಅಡ್ಡಗೆರೆ ಬೀಳುತ್ತದೆ. ಗಂಟು ಹಾಕದ ಕೆಲಸದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಸರಿಯಾಗಿ ಹೊಲಿದು ಮುಗಿಸಿದರೆ ಎರಡೂ ಬದಿ ಒಂದೇ ಸಮನಾಗಿ ಕಾಣುತ್ತವೆ, ಸೂಜಿ ಎಲ್ಲಿಂದ ಹೊರಟಿತು, ಯಾವ ಕವಲಿಗೆ ಮೊದಲು ತಿರುಗಿತು ಎಂಬುದರ ಗುರುತೇ ಬಟ್ಟೆಯ ಮೇಲೆ ಉಳಿದಿರುವುದಿಲ್ಲ.

ಅತ್ತೆಯವರ ತೇರಿನ ಆಕಾರ ನನಗೆ ಸಿಕ್ಕಿತು, ಅವರ ಸೂಜಿ ನಡೆದ ದಾರಿ ಸಿಗಲಿಲ್ಲ. ಮುಚ್ಚಿಟ್ಟ ಆಕಾರವನ್ನು ಯಾವ ಮದುವೆಯ ಚಪ್ಪರದಲ್ಲಾದರೂ ಮದುಮಗಳ ಸೆರಗು ನೋಡಿ ಎಣಿಸಿಕೊಳ್ಳಬಹುದಿತ್ತು. ಯಾರೂ ಕದಿಯಲಾಗದ ದಾರಿಯು ಹೇಳದೆ ಉಳಿದದ್ದರಿಂದ ಅವರೊಂದಿಗೇ ಹೋಯಿತು. ಸುಮಂಗಲಾ, ನಿನ್ನ ಗೆಳತಿ ತೆಗೆದುಕೊಂಡದ್ದು ಆಕಾರವನ್ನು. ಅದು ನೀನು ಹೊಲಿದು ಉಟ್ಟ ದಿನವೇ ಎಲ್ಲರ ಕಣ್ಣಿಗೆ ಬಿದ್ದಾಗಿತ್ತು. ಪುಸ್ತಕಕ್ಕೆ ಕೀಲಿ ಹಾಕಿದರೆ ಆಕಾರ ಒಳಗೆ ಉಳಿಯುವುದಿಲ್ಲ, ದಾರಿ ಮಾತ್ರ ಒಳಗೇ ಕೊಳೆಯುತ್ತದೆ.

ನಿನ್ನದು ಎಂದು ಏನು ಉಳಿಯಿತು ಎಂಬ ಪ್ರಶ್ನೆಗೆ ಇದು ಪೂರ್ತಿ ಉತ್ತರವಾಗಲಿಲ್ಲವೆಂದು ನನಗೂ ಅನ್ನಿಸುತ್ತಿದೆ. ಇನ್ನೊಂದು ಕಡೆಯಿಂದ ನೋಡುತ್ತೇನೆ. ಆ ಗೋಪುರ ನಿನ್ನದೇ ಆಗಿತ್ತೇ? ಅದನ್ನು ನೀನು ನನ್ನಿಂದ ಪಡೆದೆ, ನಾನು ನನ್ನ ಅವ್ವನಿಂದ, ಅವಳು ಯಾರ ಸೆರಗಿನಿಂದಲೋ. ಕಸೂತಿಗೆ ಸರಕಾರದಿಂದ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. 1999ರ ಭೌಗೋಳಿಕ ಸೂಚಿಗಳ ಕಾಯ್ದೆಯ ಪ್ರಕಾರ ಅಂಥ ಹೆಸರಿನ ಹಕ್ಕು ಒಂದು ಪ್ರದೇಶದಲ್ಲಿ ಅದನ್ನು ಮಾಡುವವರೆಲ್ಲರಿಗೆ ಸೇರುತ್ತದೆ, ಯಾರೊಬ್ಬರೂ ತಮ್ಮ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ. ಯುರೋಪಿನಲ್ಲಿಯೂ ಗವಂತಿಯಂಥದೇ ಹೊಲಿಗೆಯಿದೆ, ಅದನ್ನು ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನನ ಹೆಸರಿನಿಂದ ಕರೆಯುತ್ತಾರೆ. ಅವನು ಬರೆದ ಚಿತ್ರಗಳಲ್ಲಿ ಶ್ರೀಮಂತರ ತೋಳಿನ ಅಂಚಿಗೆ ಆ ಕೆಲಸ ಕಾಣುತ್ತದೆ ಎಂಬುದೇ ಕಾರಣ. ಹೊಲಿದ ಹೆಂಗಸರ ಹೆಸರು ಹೊಲಿಗೆಗೆ ಬರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಆದ್ದರಿಂದಲೇ ನಿನ್ನ ಹೆಸರು ಹೋಯಿತೆಂಬ ಅಳಲು ನನಗೆ ಅರ್ಥವಾಗುತ್ತದೆ.

ಹೆಸರಿನ ವಿಷಯಕ್ಕೆ ಒಂದು ಮಾತು ಹೇಳಲೇ? ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜೇನ್ ಬೋಸ್ಟಾಕ್ ಎಂಬಾಕೆ ಹೊಲಿದ ನಮೂನೆ ಬಟ್ಟೆಯೊಂದಿದೆ. 1596ರಲ್ಲಿ ಹುಟ್ಟಿದ ಆಲಿಸ್ ಲೀ ಎಂಬ ಮಗುವಿನ ಜನನವನ್ನು ಅದರಲ್ಲಿ ಬರೆದು, ತನ್ನ ಹೆಸರನ್ನೂ 1598 ಎಂಬ ಇಸವಿಯನ್ನೂ ಸೂಜಿಯಿಂದಲೇ ಹಾಕಿದ್ದಾಳೆ. ನಮ್ಮವರು ಹಾಗೆ ಮಾಡಲಿಲ್ಲ. ನೀನು ಮಾಡು. ಸೆರಗಿನ ಮೂಲೆಯಲ್ಲಿ, ಕಂಡೂ ಕಾಣದಷ್ಟು ಸಣ್ಣದಾಗಿ, ನಿನ್ನ ಹೆಸರಿನ ಮೊದಲ ಅಕ್ಷರವನ್ನೂ ಇಸವಿಯನ್ನೂ ಹೊಲಿ. ಗೆಳತಿಯರಿಗೆ ಗ್ರಾಫ್ ಹಾಳೆ ಕೊಡುವಾಗ ಯಾವುದು ಹಳೆಯ ನಮೂನೆ, ಯಾವುದು ನೀನು ಕೂಡಿಸಿದ್ದು ಎಂದು ಅಂಚಿನಲ್ಲಿ ಬರೆದುಕೊಡು. ಗೋಪುರ ಎಲ್ಲರದು, ನವಿಲು ನಿನ್ನದು ಎನ್ನುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಆ ಗೆಳತಿಯೊಡನೆ ನೇರವಾಗಿ ಮಾತಾಡುವುದು ಒಳ್ಳೆಯದೆಂದು ನನ್ನ ಮನಸ್ಸಿಗೆ ತೋರುತ್ತದೆ. ನಾಲ್ಕು ಜನರ ಎದುರಿಗೆ ಬೇಡ. ನಿನ್ನ ನವಿಲುಗಳು ಹಳೆಯ ನಮೂನೆಯವೆಂದೇ ಅವಳು ತಿಳಿದಿರಬಹುದು. ಕಸೂತಿಯನ್ನು ಹೊಸದಾಗಿ ಕಲಿತವರಿಗೆ ಎಲ್ಲವೂ ಅಜ್ಜಿಯ ಕಾಲದ್ದಾಗಿಯೇ ಕಾಣುತ್ತದೆ. ಹಣಕ್ಕೆ ಹೊಲಿಯುವ ಪ್ರಶ್ನೆ ಬಂದಾಗ, ಒಬ್ಬರು ಕೂಡಿಸಿದ್ದನ್ನು ಇನ್ನೊಬ್ಬರು ಹೊಲಿಯುವ ಮೊದಲು ಒಂದು ಮಾತು ಕೇಳಬೇಕೆಂದು ಕೂಟದಲ್ಲಿ ನೀವೆಲ್ಲ ಒಪ್ಪಿಕೊಳ್ಳಬಹುದು. ದೂರದಲ್ಲಿ ಕುಳಿತು ಇಷ್ಟೆಲ್ಲ ಹೇಳುವುದು ಸುಲಭ, ಅಲ್ಲಿ ಕುಳಿತು ಬಾಯಿ ತೆರೆಯಬೇಕಾದವಳು ನೀನು. ನಿನಗೆ ಸರಿ ಕಂಡರೆ ಮಾತ್ರ ಮಾಡು.

ನಿನ್ನ ಕೂಟದ ಸುದ್ದಿ ಬಂದಾಗಲೆಲ್ಲ ನನಗೆ ಆಗುವ ಸಂತೋಷದ ಕಾರಣವನ್ನು ನಾನು ಎಂದೂ ಬಾಯಿಬಿಟ್ಟು ಹೇಳಿಲ್ಲ. ಶಾಲೆಯ ನೌಕರಿ, ಮನೆ, ಅತ್ತೆಯವರ ಆರೈಕೆಗಳ ನಡುವೆ ನಾನು ಹೊಲಿದದ್ದೆಲ್ಲ ರಾತ್ರಿ ಒಬ್ಬಳೇ ಕುಳಿತು ಹೊಲಿದದ್ದು. ಮೆಟ್ಟಿಲಿನ ಹಾಗೆ ಸಾಗುವ ಮುರ್ಗಿ ಹೊಲಿಗೆ ಎಲ್ಲಿ ತಪ್ಪಿತೆಂದು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಚೆನ್ನಾಗಿ ಬಂದದ್ದನ್ನು ನೋಡಿ ಹಿಗ್ಗಲೂ ಯಾರೂ ಇರಲಿಲ್ಲ. ಒಂದೇ ಚಾವಣಿಯ ಕೆಳಗೆ ಇಬ್ಬರು ಹೊಲಿಯುವ ಹೆಂಗಸರಿದ್ದೂ ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ ಅಷ್ಟು ವರ್ಷ ಕಳೆದೆವಲ್ಲ ಎಂಬ ಕೊರಗು ನನಗೆ ಈಗಲೂ ಇದೆ. ಈಗ ಕರಿ ಬಟ್ಟೆಯ ಮೇಲೆ ಎಳೆ ಎಣಿಸಲು ಕಣ್ಣು ಒಪ್ಪುವುದಿಲ್ಲ. ಕಾಣುವಾಗ ಕೂಡಿ ಹೊಲಿಯಬೇಕಾಗಿತ್ತು.

ನಿನ್ನ ಪತ್ರದಲ್ಲೇ ನೋಡು, ಭಯವನ್ನು ಬರೆದ ಅದೇ ಪುಟದ ಮೇಲ್ಭಾಗದಲ್ಲಿ ಎಷ್ಟೊಂದು ಸಂಗತಿಗಳಿವೆ! ಎಳೆ ಎಣಿಸಲು ಬಾರದ ನುಣುಪು ರೇಷ್ಮೆಯ ಮೇಲೆ ಕ್ಯಾನ್ವಾಸನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿ, ಅದರ ಮೇಲೆ ಕಸೂತಿ ಮುಗಿಸಿ, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದನ್ನು ನಿನಗೆ ಕಲಿಸಿದವರು ಕೂಟದವರೇ. ಕ್ರೋಶಾದ ಅಂಚು ಕಲಿಸಿದವಳು, ನಿನ್ನ ದೂರಿನ ಪ್ರಕಾರ ಎಲ್ಲವನ್ನೂ ಕಿತ್ತುಕೊಂಡಿರುವ ಆ ಗೆಳತಿಯೇ. ಅವಳೂ ನಿನ್ನ ಹಾಗೆ ಕೀಲಿ ಹಾಕಿದ್ದರೆ ನಿನ್ನ ಕೈಯಲ್ಲಿ ಅದು ಇರುತ್ತಿರಲಿಲ್ಲ. ಇದನ್ನು ನಿನ್ನ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಭಯ ಬಂದಾಗ ಪಡೆದದ್ದು ಕಣ್ಣಿಗೆ ಕಾಣುವುದಿಲ್ಲ.

ಕೇಳಿದ್ದೆಯೆಂದು ನೆನಪಾಯಿತು: ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಮೇಲೆ ಕಲಿಯುವವರಿಗೆ ಆರು ಎಳೆಯ ದಾರದಲ್ಲಿ ಎರಡೆಳೆ ಸಾಕು, ಸಣ್ಣ ನೇಯ್ಗೆಗೆ ಒಂದೇ ಎಳೆ. ದಾರ ಮೊಳಕ್ಕಿಂತ ಉದ್ದವಾದರೆ ನವೆಯುತ್ತದೆ. ಶುರುವಿನಲ್ಲಿ ಎರಡು ಬೆರಳಿನಷ್ಟು ದಾರ ಬಿಟ್ಟು, ಬರುವಾಗ ಅದನ್ನು ಹೊಲಿಗೆಗಳೊಳಗೇ ಸೇರಿಸಿದರೆ ಗಂಟಿನ ಅಗತ್ಯ ಬೀಳದು. ಕೆಂಪು ದಾರವನ್ನು ಒದ್ದೆ ಬಿಳಿಬಟ್ಟೆಯ ಮೇಲೆ ಉಜ್ಜಿ ಬಣ್ಣ ಬಿಡುವುದೋ ಎಂದು ಮೊದಲೇ ನೋಡಿಕೊಳ್ಳಿ. ಇವೆಲ್ಲ ನಿನಗೆ ಗೊತ್ತಿದ್ದರೆ ಹೊಸಬರಿಗೆ ಹೇಳು. ಗೋಪುರ ಕಲಿಸುವಾಗ ಹಾಳೆಯ ಮೇಲೆ ಸೂಜಿ ಹೋಗುವ ದಾರಿಯನ್ನು ಒಂದು ಬಣ್ಣದ ಪೆನ್ಸಿಲಿನಿಂದಲೂ ಬರುವ ದಾರಿಯನ್ನು ಇನ್ನೊಂದು ಬಣ್ಣದಿಂದಲೂ ಬಾಣದ ಗುರುತು ಹಾಕಿ ತೋರಿಸು, ಬರಿಯ ಆಕಾರವನ್ನು ಕೊಟ್ಟು ಕಳಿಸಬೇಡ.

ಈ ಲಕೋಟೆಯಲ್ಲಿ ಅತ್ತೆಯವರ ತೇರಿನ ಗ್ರಾಫ್ ಹಾಳೆಯ ಪ್ರತಿಯನ್ನು ಇಟ್ಟಿದ್ದೇನೆ. ಗಾಲಿಯ ಜಾಗ ಖಾಲಿಯಿದೆ, ಉಳಿದ ಹೊಲಿಗೆಗಳನ್ನು ಚುಕ್ಕೆಯಿಂದ ಗುರುತಿಸಿದ್ದೇನೆ. ನಾನು ಹಲವು ಬಗೆಯಲ್ಲಿ ಪ್ರಯತ್ನಿಸಿದರೂ ಅರಗಳಿಂದ ಅಂಚಿಗೆ ಹೋಗಿ ತಿರುಗಿ ಬರುವ ದಾರಿ ಕೂಡಿಬರಲಿಲ್ಲ. ಶನಿವಾರ ಇದನ್ನು ಎಲ್ಲರ ಮುಂದೆ ಹರಡು, ಆ ಗೆಳತಿಯನ್ನೂ ಕೂರಿಸಿಕೊ. ಅವಳ ಕೈ ಚುರುಕೆಂದು ನೀನೇ ಬರೆದಿದ್ದೀ. ಯಾರಿಗೆ ಹೊಳೆದರೂ ಸರಿ, ಬಾಣದ ಗುರುತು ಹಾಕಿದ ಹಾಳೆಯ ಒಂದು ಪ್ರತಿಯನ್ನು, ಅದನ್ನು ಬಿಡಿಸಿದವರ ಹೆಸರು ಬರೆದು, ನನಗೆ ಅಂಚೆಯಲ್ಲಿ ಕಳಿಸಿಕೊಡು. ಫೋನಿನಲ್ಲಿ ಫೋಟೊ ಕಳಿಸಿದರೆ ನನಗೆ ಚೌಕಗಳು ಕಾಣುವುದಿಲ್ಲ, ದೊಡ್ಡ ಹಾಳೆಯ ಮೇಲೆಯೇ ಬರಲಿ.

ಇಂತಿ ನಿನ್ನ ದೊಡ್ಡವ್ವ